ದೇವರಾಜ ಮಾರುಕಟ್ಟೆ, ಎಂ.ಜಿ. ರಸ್ತೆ, ತಳ್ಳುಗಾಡಿ, ಆ್ಯಪ್: ಮೈಸೂರಿನಲ್ಲಿ ಯಾವುದನ್ನು ಎಲ್ಲಿ ಕೊಳ್ಳಬೇಕು?

ನಮ್ಮ ಬೀದಿಗೆ ಹೊಸದಾಗಿ ಬಾಡಿಗೆಗೆ ಬಂದವರೆಲ್ಲ ಕೇಳುವ ಪ್ರಶ್ನೆ ಒಂದೇ: "ನೀವು ತರಕಾರಿ ಎಲ್ಲಿ ತಗೊಳ್ತೀರಿ?" ನಾನು ಕುವೆಂಪುನಗರದವಳು. ದೇವರಾಜ ಮಾರುಕಟ್ಟೆ, ಎಂ.ಜಿ. ರಸ್ತೆಯ ಬೆಳಗಿನ ಸಂತೆ, ಮನೆ ಮುಂದೆ ಬರುವ ತಳ್ಳುಗಾಡಿ, ಮೊಬೈಲ್ ಆ್ಯಪ್, ನಾಲ್ಕೂ ಕಡೆ ಕೊಂಡು ನೋಡಿದ್ದೇನೆ. ಈಗಲೂ ಕೊಳ್ಳುತ್ತೇನೆ. ಎಲ್ಲವನ್ನೂ ಒಂದೇ ಕಡೆ ಕೊಂಡರೆ ದುಡ್ಡೂ ಜಾಸ್ತಿ ಹೋಗುತ್ತದೆ, ಅಡುಗೆಯೂ ಸಪ್ಪೆಯಾಗುತ್ತದೆ. ಏನು ಬೇಕು ಅನ್ನುವುದು ಮೊದಲು, ಎಲ್ಲಿಗೆ ಹೋಗುವುದು ಅನ್ನುವುದು ಆಮೇಲೆ.

ಮೊದಲು ದೇವರಾಜ ಮಾರುಕಟ್ಟೆ

ಸಯ್ಯಾಜಿರಾವ್ ರಸ್ತೆಯಲ್ಲಿ, ಚಿಕ್ಕಗಡಿಯಾರದ ಕಡೆಯಿಂದ ಧನ್ವಂತರಿ ರಸ್ತೆಯವರೆಗೂ ಚಾಚಿಕೊಂಡಿರುವ ಹಳೆಯ ಕಟ್ಟಡ ಇದು. ನಗರ ಬಸ್ ನಿಲ್ದಾಣದಲ್ಲಿ ಇಳಿದರೆ ನಡೆದೇ ಹೋಗಬಹುದು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ನಮಗೆ, ಅಂದರೆ ಹೆಂಗಸರಿಗೆ, ಬಸ್ಸಿನ ಖರ್ಚೂ ಇಲ್ಲ. ಅರ್ಧ ಕೆ.ಜಿ. ಬೀನ್ಸ್‌ಗೋಸ್ಕರ ಬಸ್ಸಿಗೆ ದುಡ್ಡು ಕೊಟ್ಟು ಹೋಗಬೇಕಾ ಎಂದು ಮೊದಲು ಯೋಚಿಸುತ್ತಿದ್ದವರು ಈಗ ಚೀಲ ಹಿಡಿದು ಹೊರಟೇಬಿಡುತ್ತಾರೆ.

ಆದರೆ ದಿನದ ಬೀನ್ಸ್, ಕ್ಯಾರೆಟ್, ಟೊಮೆಟೊಗೆ ಇಲ್ಲಿಗೆ ಬರಬೇಡಿ ಅಂತಲೇ ನಾನು ಹೇಳುವುದು. ತರಕಾರಿ ಚೆನ್ನಾಗಿಯೇ ಇರುತ್ತದೆ, ಬೆಲೆ ಮಾತ್ರ ಎಂ.ಜಿ. ರಸ್ತೆಗಿಂತ ಸ್ವಲ್ಪ ಜಾಸ್ತಿ. ನೋಡಲು ಬಂದವರು, ಫೋಟೊ ತೆಗೆಯುವವರು, ವ್ಯಾಪಾರ ಮಾಡುವವರು ಎಲ್ಲರೂ ಆ ಕಿರಿದಾದ ಸಾಲುಗಳಲ್ಲೇ ಓಡಾಡಬೇಕು. ಎರಡು ಕೈಯಲ್ಲೂ ಭಾರದ ಚೀಲ ಇದ್ದರೆ ಕಷ್ಟ.

ದೇವರಾಜ ಮಾರುಕಟ್ಟೆಗೆ ಹೋಗಬೇಕಾದ್ದು ಹೂವು, ಎಲೆ, ಬಾಳೆಹಣ್ಣಿಗೆ. ಈ ಮೂರರಲ್ಲಿ ಇದಕ್ಕೆ ಸಮನಾದ ಜಾಗ ಊರಲ್ಲಿ ನನಗೆ ಸಿಕ್ಕಿಲ್ಲ.

ಹೂವಿನ ಮಾತು ಮೊದಲು. ಮೈಸೂರು ಮಲ್ಲಿಗೆಯ ಕಾಲ ಬೇಸಿಗೆ. ಬಿಸಿಲು ಏರಿದ ಹಾಗೆ ಮೊಗ್ಗು ಜಾಸ್ತಿ ಬರುತ್ತದೆ, ಬೆಲೆ ಇಳಿಯುತ್ತದೆ. ಚಳಿಗಾಲದಲ್ಲಿ ಅದೇ ಮಲ್ಲಿಗೆಗೆ ಕೈ ಹಾಕಲು ಆಗುವುದಿಲ್ಲ. ಬೆಳಗ್ಗೆ ಹೋದರೆ ಬಿಗಿಯಾಗಿ ಮುಚ್ಚಿದ, ಹಸಿರು ತೊಟ್ಟಿನ ಮೊಗ್ಗು ಸಿಗುತ್ತದೆ. ಅದನ್ನು ತಂದು ಒದ್ದೆ ಬಟ್ಟೆಯಲ್ಲಿ ಇಟ್ಟರೆ ಸಂಜೆ ದೀಪ ಹಚ್ಚುವ ಹೊತ್ತಿಗೆ ತಾನಾಗಿ ಅರಳಿ ಮನೆಯೆಲ್ಲ ಘಮ್ ಅನ್ನುತ್ತದೆ. ಸಂಜೆ ಕೊಂಡರೆ ಆಗಲೇ ಅರಳಿದ ಹೂವು, ರಾತ್ರಿಗೆ ಬಾಡುತ್ತದೆ. ಕಟ್ಟಿದ ಹೂವು ಮೊಳದ ಲೆಕ್ಕ. ಮಾರುವವರು ಮೊಣಕೈಯಿಂದ ಬೆರಳ ತುದಿಗೆ ಎಳೆದು ಅಳೆಯುವಾಗ ಸರ ಎಷ್ಟು ಒತ್ತಾಗಿದೆ ಅನ್ನುವುದನ್ನೂ ನೋಡಬೇಕು. ಸಡಿಲವಾಗಿ ಕಟ್ಟಿದ ಎರಡು ಮೊಳಕ್ಕಿಂತ ಒತ್ತಾಗಿ ಕಟ್ಟಿದ ಒಂದು ಮೊಳವೇ ತೂಗುತ್ತದೆ. ಇಲ್ಲಿ ಸಾಲಾಗಿ ಅಂಗಡಿಗಳಿರುವುದರಿಂದ ನಾಲ್ಕು ಕಡೆ ಕೈಯಲ್ಲಿ ಹಿಡಿದು ನೋಡಿ ಆರಿಸಿಕೊಳ್ಳಬಹುದು. ತಳ್ಳುಗಾಡಿಯಲ್ಲಿ ಆ ಅನುಕೂಲ ಇಲ್ಲ.

ವೀಳ್ಯದೆಲೆ ಇನ್ನೂ ಸೂಕ್ಷ್ಮ. ಮೈಸೂರು ಚಿಗುರೆಲೆ ಅಂದರೆ ಹೃದಯದ ಆಕಾರ, ಮೆತ್ತಗಿನ ಮೈ, ಬಾಯಿಗೆ ಹೆಚ್ಚು ಉರಿಯಿಲ್ಲದ ಖಾರ. ನಾನು ಒಂದು ಎಲೆ ತೆಗೆದು ಉದ್ದಕ್ಕೆ ಮಡಚಿ ನೋಡುತ್ತೇನೆ. ಚಿಗುರಾದರೆ ನರ ಮುರಿಯದೆ ಬಟ್ಟೆಯ ಹಾಗೆ ಮಡಚಿಕೊಳ್ಳುತ್ತದೆ. ಬಲಿತದ್ದಾದರೆ ಲಟಕ್ ಅನ್ನುತ್ತದೆ. ಎಲೆ ಮಾರುವವರು ಇದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ. "ನೋಡ್ಕೊಳ್ಳಿ ಅಮ್ಮ, ಬೆಳಗ್ಗೆ ಬಂದಿರೋದು" ಎಂದು ತಾವೇ ಕಟ್ಟು ಬಿಚ್ಚಿ ತೋರಿಸುತ್ತಾರೆ. ಆ್ಯಪ್‌ನಲ್ಲಿ ಒಂದು ಸಲ ವೀಳ್ಯದೆಲೆ ತರಿಸಿದಾಗ ಪ್ಲಾಸ್ಟಿಕ್ ಪೊಟ್ಟಣದೊಳಗೆ ಬೆವರಿ, ಅಂಚೆಲ್ಲ ಕಪ್ಪಾಗಿ ಬಂತು. ತಾಂಬೂಲಕ್ಕೆ ಇಡಲು ಮನಸ್ಸೇ ಬರಲಿಲ್ಲ.

ಬಾಳೆಹಣ್ಣಿನಲ್ಲಿ ಏಲಕ್ಕಿ ಬಾಳೆ ಎಲ್ಲ ಕಡೆ ಸಿಗುತ್ತದೆ. ನಂಜನಗೂಡು ರಸಬಾಳೆಗೆ ಮಾತ್ರ ಇಲ್ಲಿಗೇ ಬರಬೇಕು, ಅದೂ ಸಿಕ್ಕರೆ. ಪನಾಮಾ ಸೊರಗು ರೋಗ ತೋಟಗಳನ್ನು ತಿಂದುಹಾಕಿದ್ದರಿಂದ ನಿಜವಾದ ರಸಬಾಳೆ ಅಪರೂಪವಾಗಿಬಿಟ್ಟಿದೆ. ಮೈಸೂರು ಮಲ್ಲಿಗೆ, ಮೈಸೂರು ವೀಳ್ಯದೆಲೆ, ನಂಜನಗೂಡು ರಸಬಾಳೆ ಮೂರಕ್ಕೂ ಜಿಐ ಮಾನ್ಯತೆ, ಅಂದರೆ ಇದು ಈ ಊರಿನದೇ ಬೆಳೆ ಎಂಬ ಅಧಿಕೃತ ಗುರುತು, ಇದೆ. ಆದರೆ ಮಾನ್ಯತೆಯ ಹೆಸರಿನಲ್ಲಿ ಬೇರೆ ಹಣ್ಣು ಮಾರುವವರೂ ಇದ್ದಾರೆ. ಹಾಗಾಗಿ ನಂಬಿಕೆಯ ಅಂಗಡಿ ಒಂದನ್ನು ಹಿಡಿದುಕೊಳ್ಳುವುದು ಒಳ್ಳೆಯದು. ನಾನು ಹೋಗುವ ಅಂಗಡಿಯ ಅಣ್ಣ ರಸಬಾಳೆ ಇಲ್ಲದ ದಿನ ಇಲ್ಲ ಅಂತಲೇ ಹೇಳುತ್ತಾರೆ. ಆ ಒಂದು ಮಾತಿಗೆ ಅಲ್ಲಿಗೇ ಹೋಗುತ್ತೇನೆ.

ಕಟ್ಟಡದ ಬಗ್ಗೆಯೂ ಹೇಳಲೇಬೇಕು. 2016ರ ಆಗಸ್ಟ್‌ನಲ್ಲಿ ಅದರ ಒಂದು ಭಾಗ ಕುಸಿಯಿತು. ಕೆಡವಿ ಕಟ್ಟಬೇಕೋ, ದುರಸ್ತಿ ಮಾಡಬೇಕೋ ಎಂಬ ಜಗಳ ಕೋರ್ಟಿನ ತನಕ ಹೋಗಿದೆ. ನನ್ನ ಮಾತು ಕೇಳಿದರೆ ದುರಸ್ತಿಯೇ ಸರಿ. ಹೂವಿನವರ ಪಕ್ಕದಲ್ಲಿ ಎಲೆಯವರು, ಅವರ ಹಿಂದೆ ಅರಿಶಿನ ಕುಂಕುಮದವರು, ಆಚೆ ಬಾಳೆಹಣ್ಣು: ಪೂಜೆಗೆ ಬೇಕಾದ್ದೆಲ್ಲ ಒಂದೇ ಸುತ್ತಿನಲ್ಲಿ ಮುಗಿಯುವ ಈ ಏರ್ಪಾಡು ತಲೆಮಾರುಗಳ ವ್ಯಾಪಾರದಿಂದ ತಾನಾಗಿ ಬಂದದ್ದು. ಹೊಸ ಕಟ್ಟಡದಲ್ಲಿ ನಂಬರು ಹಾಕಿ ಮಳಿಗೆ ಹಂಚಿದರೆ ಅದು ಹಾಗೇ ಉಳಿಯುತ್ತದೆ ಎಂಬ ಭರವಸೆ ನನಗಿಲ್ಲ.

ಎಂ.ಜಿ. ರಸ್ತೆಯ ಬೆಳಗು

ವಾರದ ತರಕಾರಿಗೆ ನನ್ನ ಓಟು ಎಂ.ಜಿ. ರಸ್ತೆಗೆ. ವಸ್ತುಪ್ರದರ್ಶನ ಮೈದಾನದ ಹತ್ತಿರ ಬೆಳಗ್ಗೆ ಬೆಳಗ್ಗೆಯೇ ವ್ಯಾಪಾರ ಶುರು. ಸುತ್ತಮುತ್ತಲ ಹಳ್ಳಿಗಳಿಂದ ಬಂದ ಸೊಪ್ಪು, ಕಾಯಿ ಗೋಣಿಚೀಲದ ಮೇಲೆ, ಟಾರ್ಪಾಲಿನ ಮೇಲೆ ರಾಶಿ ಬಿದ್ದಿರುತ್ತದೆ. ದೊಡ್ಡ ಸಗಟು ವ್ಯಾಪಾರ ಬಂಡೀಪಾಳ್ಯದ ಎಪಿಎಂಸಿಯಲ್ಲಿ ನಡೆಯುತ್ತದೆ, ಆದರೆ ಮನೆಗೆ ಎರಡು ಮೂರು ಕೆ.ಜಿ. ಕೊಳ್ಳುವವರಿಗೆ ಅಲ್ಲಿ ಕೆಲಸವಿಲ್ಲ. ನಮ್ಮಂಥವರಿಗೆ ಎಂ.ಜಿ. ರಸ್ತೆಯೇ ಸರಿ.

ಇಲ್ಲಿನ ಲಾಭ ಎರಡು. ಒಂದು, ಬೆಲೆ. ದಿನದ ತರಕಾರಿಯಲ್ಲಿ ಮನೆ ಹತ್ತಿರದ ಅಂಗಡಿಗಿಂತ ಕೆ.ಜಿ.ಗೆ 5ರಿಂದ 10 ರೂಪಾಯಿ ಉಳಿಯುತ್ತದೆ. ಇನ್ನೊಂದು ನನಗೆ ಬೆಲೆಗಿಂತ ಮುಖ್ಯ: ಊರಿನ ತರಕಾರಿ ಊರಿನ ಕಾಲಕ್ಕೆ ಸಿಗುತ್ತದೆ. ಈರನಗೆರೆ ಬದನೆಕಾಯಿಯನ್ನೇ ನೋಡಿ. ಹಸಿರು ಮೈ, ಮೆತ್ತನೆ ಬೀಜ, ಬೆಂದರೆ ಬೆಣ್ಣೆ. ನಮ್ಮ ಮನೆಯಲ್ಲಿ ವಾಂಗಿಬಾತಿಗೆ ನೇರಳೆ ಬಣ್ಣದ ಬದನೆ ಹಾಕುವುದೇ ಇಲ್ಲ. ಆ್ಯಪ್‌ನಲ್ಲಿ 'ಹಸಿರು ಬದನೆ' ಎಂದು ಬಂದದ್ದು ಬೇರೆ ಯಾವುದೋ ಜಾತಿ, ಬೀಜವೇ ಜಾಸ್ತಿ, ಬೆಂದ ಮೇಲೂ ಸಿಪ್ಪೆ ಬೇರೆ ತಿರುಳು ಬೇರೆ.

ಡಿಸೆಂಬರ್, ಜನವರಿಯ ಅವರೆಕಾಯಿ ಕಾಲದಲ್ಲಂತೂ ಇಲ್ಲಿಗೆ ಬರದೆ ಇರಲು ಆಗುವುದಿಲ್ಲ. ಸೊಗಡು ಅವರೆ ಅಂದರೆ ಬೆರಳಿಗೆ ಅಂಟಬೇಕು. ಕಾಯಿಯನ್ನು ಅಂಗೈಯಲ್ಲಿ ಉಜ್ಜಿ ಮೂಗಿಗೆ ಹಿಡಿದರೆ ಎಣ್ಣೆಯಂಥ ಗಾಢ ವಾಸನೆ ಬರಬೇಕು. ಹಾಗೆ ಬಾರದ ಕಾಯಿ ತಂದು ಹಿತಕಿದ ಬೇಳೆ ಸಾರು ಮಾಡಿದರೆ ಸುಮ್ನೆ ಕೈ ನೋವು. ಹಿತಕುವ ಪುರುಸೊತ್ತು ಇಲ್ಲದವರಿಗೆ ಹಿತಕಿದ ಬೇಳೆಯನ್ನೇ ಅಳೆದು ಕೊಡುವ ಹೆಂಗಸರೂ ಆ ಕಾಲದಲ್ಲಿ ಕೂತಿರುತ್ತಾರೆ. ಬೆಲೆ ಜಾಸ್ತಿ ಅನ್ನಿಸುತ್ತದೆ. ಒಂದು ಸಲ ಮನೆಯಲ್ಲಿ ಕೂತು ನೀವೇ ಹಿತಕಿ ನೋಡಿ, ಆಮೇಲೆ ಚೌಕಾಸಿ ಮಾಡಲು ನಾಲಿಗೆ ಏಳುವುದಿಲ್ಲ.

ಕೊರತೆಗಳೂ ಇವೆ. ಮಳೆ ಬಂದರೆ ಕಾಲಿಡಲು ಜಾಗ ಇರುವುದಿಲ್ಲ. ಗಾಡಿ ನಿಲ್ಲಿಸುವುದು ತಲೆನೋವು. ತಡವಾಗಿ ಹೋದರೆ ಆರಿಸಿ ಬಿಟ್ಟದ್ದೇ ಗತಿ. ರಾಶಿಯ ಮೇಲೆ ಚೆಂದದ ಕಾಯಿ ಜೋಡಿಸಿ, ತೂಕಕ್ಕೆ ಹಾಕುವಾಗ ಹಿಂದಿನಿಂದ ಬಲಿತದ್ದನ್ನು ಸುರಿಯುವವರೂ ಕೆಲವರಿದ್ದಾರೆ. ಬೀನ್ಸ್, ಬೆಂಡೆಕಾಯಿಯನ್ನು ನಾನೇ ಆರಿಸುತ್ತೇನೆ, ಬಿಡದಿದ್ದರೆ ಪಕ್ಕದ ರಾಶಿಗೆ ಹೋಗುತ್ತೇನೆ. ಸಂಕೋಚ ಪಡಬೇಕಾದ್ದಿಲ್ಲ.

ತಳ್ಳುಗಾಡಿ

ಸೊಪ್ಪಿಗೆ ತಳ್ಳುಗಾಡಿಯನ್ನು ಮೀರಿಸಿದ್ದು ಯಾವುದೂ ಇಲ್ಲ. ಸೊಪ್ಪು ಅಂದೇ ತಂದು ಅಂದೇ ಬೇಯಿಸಬೇಕು. ದಂಟು, ಕೀರೆ, ಸಬ್ಬಸಿಗೆ, ಮೆಂತ್ಯ, ಒಮ್ಮೊಮ್ಮೆ ಹೊನಗೊನ್ನೆ. "ಸೊಪ್ಪೇ..." ಎಂದು ಕೂಗು ಕೇಳಿದ ಕೂಡಲೇ ಬೀದಿಯ ನಾಲ್ಕು ಗೇಟು ತೆರೆಯುತ್ತವೆ. ನಮ್ಮ ಬೀದಿಗೆ ಬರುವ ಅಕ್ಕ ಬಸ್ಸಾರಿಗೆ ಅಂತ ಹೇಳಿದರೆ ತಾವೇ ನಾಲ್ಕು ಥರದ ಸೊಪ್ಪು ಸೇರಿಸಿ ಕೊಡುತ್ತಾರೆ, ಕೈಯಲ್ಲಿದ್ದರೆ ಎರಡು ಎಸಳು ಕರಿಬೇವನ್ನೂ ಮೇಲೆ ಇಡುತ್ತಾರೆ. ಕಟ್ಟಿಗೆ ಎಂ.ಜಿ. ರಸ್ತೆಗಿಂತ 5 ರೂಪಾಯಿ ಜಾಸ್ತಿ. ಬೆಳಗಿನ ಜಾವ ಎದ್ದು ಸೊಪ್ಪು ತಂದು, ಬಿಸಿಲಿನಲ್ಲಿ ಗಾಡಿ ತಳ್ಳುವವರಿಗೆ ಆ 5 ರೂಪಾಯಿ ಕೊಡುವುದು ನ್ಯಾಯ. ಅದರಲ್ಲಿ ಚೌಕಾಸಿ ಮಾಡುವವರನ್ನು ಕಂಡರೆ ನನಗೆ ನಿಜಕ್ಕೂ ಬೇಜಾರಾಗುತ್ತದೆ. ಮಾಲ್‌ನಲ್ಲಿ ನಾವು ಯಾರೂ ಬೆಲೆ ಇಳಿಸಿ ಅನ್ನುವುದಿಲ್ಲ, ಅಲ್ವಾ?

ಗಾಡಿಯಲ್ಲಿ ಟೊಮೆಟೊ, ಹೂಕೋಸು ಮಾತ್ರ ಕೊಳ್ಳಬೇಡಿ. ಬೀದಿ ಬೀದಿ ಸುತ್ತಿ ಬಿಸಿಲಿಗೆ ಬಾಡಿರುತ್ತವೆ.

ಆ್ಯಪ್, ಮತ್ತು ಹಾಪ್‌ಕಾಮ್ಸ್

ಆ್ಯಪ್‌ನಿಂದ ಈರುಳ್ಳಿ, ಆಲೂಗಡ್ಡೆ, ಬೆಳ್ಳುಳ್ಳಿ ತರಿಸಬಹುದು. ಭಾರ ಹೊರುವುದು ತಪ್ಪುತ್ತದೆ. ಮನೆಯಲ್ಲಿ ವಯಸ್ಸಾದವರಷ್ಟೇ ಇದ್ದರೆ, ಜ್ವರ ಬಂದು ಮಲಗಿದ್ದರೆ ಅದೊಂದು ದೊಡ್ಡ ಆಸರೆ, ಇಲ್ಲ ಅನ್ನುವುದಿಲ್ಲ. ಆದರೆ ಕಣ್ಣಲ್ಲಿ ನೋಡಿ, ಕೈಯಲ್ಲಿ ಮುಟ್ಟಿ ಕೊಳ್ಳಬೇಕಾದ ಯಾವುದಕ್ಕೂ ಅದು ಸರಿಹೋಗುವುದಿಲ್ಲ.

ಹಾಪ್‌ಕಾಮ್ಸ್ ಅನ್ನು ಜನ ಮರೆಯುತ್ತಿದ್ದಾರೆ, ಅದು ಬೇಸರದ ವಿಷಯ. ಬೆಳೆಗಾರರದ್ದೇ ಸಹಕಾರಿ ಮಳಿಗೆ. ದರ ಬೋರ್ಡಿನಲ್ಲಿ ಬರೆದಿರುತ್ತದೆ, ಚೌಕಾಸಿ ಇಲ್ಲ, ತೂಕದ ಬಗ್ಗೆ ಅನುಮಾನ ಪಡಬೇಕಾಗಿಲ್ಲ. ದ್ರಾಕ್ಷಿ, ಮಾವು, ಪಪ್ಪಾಯಿಗೆ ನಾನು ಮೊದಲು ಅಲ್ಲಿ ನೋಡಿ ಆಮೇಲೆ ಬೇರೆ ಕಡೆ ಹೋಗುತ್ತೇನೆ. ತರಕಾರಿಯಲ್ಲಿ ಆಯ್ಕೆ ಕಡಿಮೆ, ಮಧ್ಯಾಹ್ನದ ಮೇಲೆ ಬುಟ್ಟಿಗಳು ಅರ್ಧ ಖಾಲಿ.

ಹಬ್ಬ ಬಂದಾಗ ಲೆಕ್ಕ ಬೇರೆ

ಆಯುಧಪೂಜೆ, ವರಮಹಾಲಕ್ಷ್ಮಿ, ಗೌರಿ ಗಣೇಶ ಬಂದಾಗ ಮೇಲಿನ ಲೆಕ್ಕ ಸ್ವಲ್ಪ ತಿರುಗುತ್ತದೆ. ಹಿಂದಿನ ದಿನ ಸೇವಂತಿಗೆ, ಕನಕಾಂಬರದ ಬೆಲೆ ಕೇಳಿದರೆ ಎದೆ ಝಲ್ ಅನ್ನುತ್ತದೆ. ಸೇವಂತಿಗೆ ಎರಡು ದಿನ ಚೆನ್ನಾಗಿಯೇ ಇರುತ್ತದೆ, ಹಾಗಾಗಿ ಅದನ್ನು ಮೊದಲೇ ದೇವರಾಜ ಮಾರುಕಟ್ಟೆಯಿಂದ ಬಿಡಿ ಹೂವಾಗಿ ತೂಕದಲ್ಲಿ ತಂದು ಮನೆಯಲ್ಲೇ ಕಟ್ಟಿ. ಮಲ್ಲಿಗೆ, ಕನಕಾಂಬರವನ್ನು ಮಾತ್ರ ಆ ದಿನಕ್ಕೇ ಬಿಡಿ, ಒಂದೊಂದು ಮೊಳ ಸಾಕು. ಬೂದುಗುಂಬಳ, ಬಾಳೆಕಂದು, ಮಾವಿನ ಸೊಪ್ಪಿಗೆ ಪೇಟೆಯೊಳಗೆ ನುಗ್ಗಬೇಡಿ. ಎಂ.ಜಿ. ರಸ್ತೆಯಲ್ಲೂ ಬಡಾವಣೆಗಳ ವೃತ್ತಗಳಲ್ಲೂ ರಾಶಿ ಹಾಕಿರುತ್ತಾರೆ. ಕುಂಬಳಕಾಯಿ ಆರಿಸುವಾಗ ಮೈಮೇಲೆ ಬೂದಿ ಚೆನ್ನಾಗಿ ಕಟ್ಟಿರುವುದನ್ನೇ ನೋಡಿ, ತೊಟ್ಟು ಇರುವುದನ್ನೇ ಕೇಳಿ. ವೀಳ್ಯದೆಲೆಯನ್ನು ಹಬ್ಬದ ಹಿಂದಿನ ಬೆಳಗ್ಗೆ ತಂದು, ಒದ್ದೆ ಬಟ್ಟೆಯಲ್ಲಿ ಸುತ್ತಿ ತಂಪಾದ ಮೂಲೆಯಲ್ಲಿಟ್ಟರೆ ಮಾರನೇ ದಿನ ಬಂದ ಮುತ್ತೈದೆಯರಿಗೆ ಕೊಡುವಾಗಲೂ ಚಿಗುರಾಗಿಯೇ ಇರುತ್ತದೆ.