ಸ್ಯಾನ್ ಫ್ರಾನ್ಸಿಸ್ಕೋ ಕೌಂಟಿ ಜೈಲು: ಪಾಠವಿದೆ, ಬಾಗಿಲು ತೆರೆಯುವವರು ಸಾಲದು

ಗ್ರಂಥಾಲಯ, ಸಿಟಿ ಬಸ್ಸು, ಸರ್ಕಾರಿ ಆಸ್ಪತ್ರೆಗಳ ಸೇವೆಯ ಬಗ್ಗೆ ಜನ ಧಾರಾಳವಾಗಿ ಅಭಿಪ್ರಾಯ ಬರೆಯುತ್ತಾರೆ. ಅದೇ ತೆರಿಗೆ ಹಣದಲ್ಲಿ ನಡೆಯುವ ಜೈಲಿನ ಬಗ್ಗೆ ಬರೆಯುವವರು ವಿರಳ. ಜೈಲಿನೊಳಗೆ ಇರುವವರು ಆ ಸೇವೆಯನ್ನು ತಾವಾಗಿ ಆರಿಸಿಕೊಂಡವರಲ್ಲ, ಹಿಡಿಸದಿದ್ದರೆ ಬೇರೆ ಕಡೆಗೆ ಹೋಗುವ ಅವಕಾಶವೂ ಅವರಿಗಿಲ್ಲ. ಆ ಕಾರಣಕ್ಕಾಗಿಯೇ ಹೊರಗಿರುವವರು ಅದನ್ನು ಇನ್ನಷ್ಟು ಕಟ್ಟುನಿಟ್ಟಾಗಿ ಪರೀಕ್ಷಿಸಬೇಕೆಂದು ನಂಬಿ, ಅಮೆರಿಕದ ಕೌಂಟಿ (ನಮ್ಮ ಜಿಲ್ಲೆಯಂಥ ಆಡಳಿತ ಘಟಕ) ಜೈಲುಗಳ ಪೈಕಿ ಕೈದಿಗಳ ಶಿಕ್ಷಣ ಮತ್ತು ಸುಧಾರಣೆಗೆ ಬಹುಕಾಲದಿಂದ ಹೆಸರಾದ ಸ್ಯಾನ್ ಫ್ರಾನ್ಸಿಸ್ಕೋ ಶೆರಿಫ್ ಕಚೇರಿಯ ಜೈಲು ಸೇವೆಯನ್ನು ಇಲ್ಲಿ ವಿಮರ್ಶೆಗೆ ತೆಗೆದುಕೊಂಡಿದ್ದೇನೆ.

ಮೊದಲು ಈ ಸೇವೆಯ ಸ್ವರೂಪ. ದೀರ್ಘ ಶಿಕ್ಷೆ ಅನುಭವಿಸುವವರು ರಾಜ್ಯ ಸರ್ಕಾರದ ಸೆರೆಮನೆಗಳಿಗೆ ಹೋಗುತ್ತಾರೆ. ಕೌಂಟಿ ಜೈಲಿನಲ್ಲಿ ಇರುವವರಲ್ಲಿ ಹೆಚ್ಚಿನವರು ಇನ್ನೂ ವಿಚಾರಣೆ ಮುಗಿಯದವರು. ಉಳಿದವರು ಅಲ್ಪಾವಧಿಯ ಶಿಕ್ಷೆಯವರು. ರಾಜ್ಯದ ಸೆರೆಮನೆಗಳು ತುಂಬಿ ತುಳುಕುತ್ತಿವೆಯೆಂದು ಅಮೆರಿಕದ ಸುಪ್ರೀಂ ಕೋರ್ಟ್ 2011ರ ಮೇ ತಿಂಗಳಲ್ಲಿ ಕೈದಿಗಳ ಸಂಖ್ಯೆ ಇಳಿಸುವ ಆದೇಶವನ್ನು ಎತ್ತಿಹಿಡಿಯಿತು. ಅದೇ ವರ್ಷದ ಅಕ್ಟೋಬರ್‌ನಿಂದ ಕ್ಯಾಲಿಫೋರ್ನಿಯಾ, ಗಂಭೀರವಲ್ಲದ ಅಪರಾಧಗಳ ಶಿಕ್ಷಿತರನ್ನೂ ಕೌಂಟಿಗಳಿಗೇ ವಹಿಸಿತು. ಜೈಲಿನ ಮುಖ್ಯಸ್ಥ ಶೆರಿಫ್ ಸರ್ಕಾರ ನೇಮಿಸಿದ ಅಧಿಕಾರಿಯಲ್ಲ, ಮತದಾರರು ಆರಿಸಿದ ವ್ಯಕ್ತಿ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನಗರ ಮತ್ತು ಕೌಂಟಿ ಎರಡೂ ಒಂದೇ ಆಡಳಿತವಾಗಿದ್ದು, ಬೀದಿಯ ಗಸ್ತು ಪೊಲೀಸರದ್ದು, ಜೈಲು ಮತ್ತು ನ್ಯಾಯಾಲಯಗಳ ಭದ್ರತೆ ಶೆರಿಫ್‌ರದ್ದು. ಒಂದು ಜೈಲು ನಗರದ ಏಳನೇ ಬೀದಿಯಲ್ಲಿ ನ್ಯಾಯಾಲಯದ ಪಕ್ಕದಲ್ಲಿದೆ. ದೊಡ್ಡದು ನಗರದ ದಕ್ಷಿಣಕ್ಕೆ, ಪಕ್ಕದ ಸ್ಯಾನ್ ಮಟೆಯೋ ಕೌಂಟಿಯ ಸ್ಯಾನ್ ಬ್ರೂನೋ ಊರಿನ ಬಳಿಯ ಬೆಟ್ಟದ ಮೇಲಿದೆ.

ಈ ಸಂಸ್ಥೆಯ ಹೆಗ್ಗಳಿಕೆಯನ್ನು ಮೊದಲು ಹೇಳುವುದು ನ್ಯಾಯ. 1980ರಿಂದ ಮೂವತ್ತೆರಡು ವರ್ಷ ಶೆರಿಫ್ ಆಗಿದ್ದ ಮೈಕೆಲ್ ಹೆನ್ನೆಸಿ ಪೊಲೀಸ್ ಹಿನ್ನೆಲೆಯವರಲ್ಲ, ಕೈದಿಗಳಿಗೆ ಕಾನೂನು ನೆರವು ನೀಡುತ್ತಿದ್ದ ವಕೀಲರು. ಅವರ ಅವಧಿಯಲ್ಲಿ, 1997ರಲ್ಲಿ, ಆರ್‌ಎಸ್‌ವಿಪಿ (ರಿಸಾಲ್ವ್ ಟು ಸ್ಟಾಪ್ ದಿ ವಯಲೆನ್ಸ್ ಪ್ರಾಜೆಕ್ಟ್, ಅಂದರೆ ಹಿಂಸೆ ನಿಲ್ಲಿಸುವ ಸಂಕಲ್ಪದ ಯೋಜನೆ) ಎಂಬ ಕಾರ್ಯಕ್ರಮ ಸ್ಯಾನ್ ಬ್ರೂನೋದಲ್ಲಿ ಆರಂಭವಾಯಿತು. ಹೆಂಡತಿಗೆ ಹೊಡೆದವರು, ಬೀದಿಯಲ್ಲಿ ಹಲ್ಲೆ ನಡೆಸಿದವರು ಹೀಗೆ ಹಿಂಸೆಯ ಆರೋಪ ಹೊತ್ತ 62 ಗಂಡಸರನ್ನು ಒಂದೇ ದೊಡ್ಡ ಕೊಠಡಿಯಲ್ಲಿ ಇರಿಸಿ, ವಾರಕ್ಕೆ ಆರು ದಿನ, ದಿನಕ್ಕೆ ಹನ್ನೆರಡು ಗಂಟೆ ಪಾಠ, ಗುಂಪು ಚರ್ಚೆ, ನಾಟಕ, ವ್ಯಸನಮುಕ್ತಿ ತರಗತಿಗಳನ್ನು ನಡೆಸಲಾಯಿತು. ತಾವು ಮಾಡಿದ ಹಿಂಸೆಯ ಪ್ರತಿಯೊಂದು ಕ್ಷಣವನ್ನು, ಯಾವ ಮಾತು ಕೇಳಿದಾಗ ಗಂಡಸುತನಕ್ಕೆ ಪೆಟ್ಟು ಬಿತ್ತೆಂದು ಅನಿಸಿತು, ಕೈ ಎತ್ತುವ ಮುನ್ನ ಮೈಯಲ್ಲಿ ಏನಾಯಿತು ಎಂಬುದನ್ನೆಲ್ಲ, ಅವರು ಇತರರ ಎದುರು ಬಿಡಿಸಿ ಹೇಳಬೇಕಿತ್ತು. ಹಿಂಸೆಗೆ ಗುರಿಯಾಗಿ ಬದುಕುಳಿದವರು ಬಂದು ಅದೇ ಕೊಠಡಿಯಲ್ಲಿ ತಮ್ಮ ಅನುಭವ ಹೇಳುತ್ತಿದ್ದರು. ಕೈದಿಗಳು ಎದ್ದುಹೋಗದೆ ಕೇಳಬೇಕಿತ್ತು.

ಇಂಥ ಕಾರ್ಯಕ್ರಮಗಳನ್ನು ಸದಾಶಯದ ಮಾತುಗಳಲ್ಲಿ ಹೊಗಳುವುದು ಸುಲಭ. ಆದರೆ ಇದನ್ನು ಹಾರ್ವರ್ಡ್‌ನಲ್ಲಿ ಬಹುಕಾಲ ಕೆಲಸ ಮಾಡಿದ್ದ ಮನೋವೈದ್ಯ ಜೇಮ್ಸ್ ಗಿಲ್ಲಿಗನ್ ಮತ್ತು ಅವರ ಸಹೋದ್ಯೋಗಿ ಬ್ಯಾಂಡಿ ಲೀ ಲೆಕ್ಕ ಹಾಕಿ ನೋಡಿದರು. 2005ರಲ್ಲಿ ಪ್ರಕಟವಾದ ಅವರ ಅಧ್ಯಯನದ ಪ್ರಕಾರ, ಹದಿನಾರು ವಾರ ಅಥವಾ ಅದಕ್ಕಿಂತ ಹೆಚ್ಚು ಕಾಲ ಅಲ್ಲಿದ್ದವರು ಬಿಡುಗಡೆಯಾದ ಮೇಲೆ ಹಿಂಸೆಯ ಆರೋಪದಲ್ಲಿ ಮತ್ತೆ ಬಂಧನಕ್ಕೊಳಗಾದದ್ದು, ಸಾಮಾನ್ಯ ಕೊಠಡಿಯಲ್ಲಿದ್ದ ಅದೇ ಬಗೆಯ ಕೈದಿಗಳಿಗೆ ಹೋಲಿಸಿದರೆ ಶೇ 80ಕ್ಕಿಂತಲೂ ಹೆಚ್ಚಿನ ಪ್ರಮಾಣದಲ್ಲಿ ಇಳಿದಿತ್ತು. ನನ್ನ ಮಟ್ಟಿಗೆ ಇದಕ್ಕಿಂತ ಮುಖ್ಯವಾದದ್ದು ಜೈಲಿನ ಒಳಗಿನ ಲೆಕ್ಕ: ಕಾರ್ಯಕ್ರಮಕ್ಕೆ ಮುಂಚಿನ ವರ್ಷದಲ್ಲಿ ಆ ಕೊಠಡಿಯಲ್ಲಿ 24 ಗಂಭೀರ ಹಿಂಸಾಚಾರದ ಘಟನೆಗಳು ನಡೆದಿದ್ದವು, ಆರಂಭದ ತಿಂಗಳುಗಳು ಕಳೆದ ಮೇಲೆ ಇಡೀ ಒಂದು ವರ್ಷ ಒಂದು ಘಟನೆಯೂ ನಡೆಯಲಿಲ್ಲ. ಹಾಗೆಂದರೆ ಅಲ್ಲಿ ಕಾವಲಿಗಿದ್ದ ಡೆಪ್ಯೂಟಿಗಳು (ಶೆರಿಫ್ ಕೈಕೆಳಗಿನ ಸಿಬ್ಬಂದಿ) ಸಂಜೆ ಪೆಟ್ಟಿಲ್ಲದೆ ಮನೆಗೆ ಹೋದರು. ಪಾಠವನ್ನು ಕೈದಿಗಳಿಗೆ ಕೊಡುವ ಸವಲತ್ತೆಂದು ನೋಡುವವರು ಈ ಅಂಶವನ್ನು ಗಮನಿಸುವುದಿಲ್ಲ. ಅದು ಸಿಬ್ಬಂದಿಯ ರಕ್ಷಣೆಯ ವ್ಯವಸ್ಥೆಯೂ ಹೌದು.

ಎರಡನೆಯದು ಶಾಲೆ. 2003ರಲ್ಲಿ ಶೆರಿಫ್ ಇಲಾಖೆಯೇ ಮುಂದೆ ನಿಂತು ಆರಂಭಿಸಿದ ಫೈವ್ ಕೀಸ್, ವಯಸ್ಕರಿಗಾಗಿ ಕೌಂಟಿ ಜೈಲಿನೊಳಗೆ ನಡೆದ ದೇಶದ ಮೊದಲ ಚಾರ್ಟರ್ ಹೈಸ್ಕೂಲು (ಸರ್ಕಾರದ ಹಣದಲ್ಲಿ ಸ್ವತಂತ್ರವಾಗಿ ನಡೆಯುವ ಶಾಲೆ). ಇಲ್ಲಿ ಪಡೆಯುವುದು ಜೈಲಿನ ಪ್ರಮಾಣಪತ್ರವಲ್ಲ, ಹೊರಗಿನ ಕಾಲೇಜು ಮತ್ತು ಉದ್ಯೋಗದಾತರು ಒಪ್ಪುವ ನಿಜವಾದ ಹೈಸ್ಕೂಲು ಡಿಪ್ಲೊಮಾ. ಕೌಂಟಿ ಜೈಲಿನಲ್ಲಿ ಯಾರು ಎಷ್ಟು ದಿನ ಇರುತ್ತಾರೆಂಬುದು ಯಾರಿಗೂ ತಿಳಿದಿರುವುದಿಲ್ಲ. ಜಾಮೀನು ಸಿಕ್ಕಿದ ದಿನವೇ ವಿದ್ಯಾರ್ಥಿ ಹೊರಟುಹೋಗುತ್ತಾನೆ. ಅದನ್ನು ಅರಿತು, ಬಿಡುಗಡೆಯಾದವರು ಬಿಟ್ಟ ಪಾಠವನ್ನು ಊರಿನ ತರಗತಿಗಳಲ್ಲಿ ಮುಂದುವರಿಸುವಂತೆ ಶಾಲೆ ಹೊರಗೂ ಬೆಳೆಯಿತು. ಮುಂದೆ ಲಾಸ್ ಏಂಜಲೀಸ್ ಸೇರಿದಂತೆ ಬೇರೆ ಕೌಂಟಿಗಳಿಗೂ ಹೋಯಿತು. ಈ ಸೇವೆಯನ್ನು ನಾನು ಮನಸಾರೆ ಮೆಚ್ಚುತ್ತೇನೆ.

ದೂರವಾಣಿಯ ವಿಷಯದಲ್ಲಂತೂ ಪೂರ್ಣ ಅಂಕ ಕೊಡಬೇಕು. ಅಮೆರಿಕದ ಅನೇಕ ಜೈಲುಗಳಲ್ಲಿ ಫೋನ್ ಕಂಪನಿ ಕೈದಿಯ ಕುಟುಂಬದಿಂದ ನಿಮಿಷದ ಲೆಕ್ಕದಲ್ಲಿ ಹಣ ಪಡೆದು, ಅದರಲ್ಲಿ ಒಂದು ಪಾಲನ್ನು ಶೆರಿಫ್ ಕಚೇರಿಗೆ ಕೊಡುತ್ತದೆ. ಸ್ಯಾನ್ ಫ್ರಾನ್ಸಿಸ್ಕೋದಲ್ಲೂ ಅದೇ ಪದ್ಧತಿಯಿತ್ತು. ದಿನಕ್ಕೆ ಹದಿನೈದು ನಿಮಿಷಗಳ ಎರಡು ಕರೆ ಮಾಡಿದರೆ ಎಪ್ಪತ್ತು ದಿನಕ್ಕೆ ಸುಮಾರು 300 ಡಾಲರ್ ಆಗುತ್ತಿತ್ತೆಂದು ನಗರಾಡಳಿತವೇ ಲೆಕ್ಕ ಕೊಟ್ಟಿತ್ತು. ಜೈಲಿನ ಕ್ಯಾಂಟೀನಿನಲ್ಲಿ ಸೋಪು, ನೂಡಲ್ಸ್ ಮೊದಲಾದ ವಸ್ತುಗಳ ಮೇಲೆ ಸರಾಸರಿ ಶೇ 43ರಷ್ಟು ಹೆಚ್ಚುವರಿ ಬೆಲೆ ಇತ್ತು. ಆ ಹಣದ ಭಾರ ಬೀಳುತ್ತಿದ್ದುದು ಬಹುತೇಕ ತಾಯಂದಿರ, ಹೆಂಡತಿಯರ ಮೇಲೆ. 2020ರಲ್ಲಿ ಈ ಕೌಂಟಿ ಎಲ್ಲ ಕರೆಗಳನ್ನೂ ಉಚಿತ ಮಾಡಿ, ಕ್ಯಾಂಟೀನಿನ ಹೆಚ್ಚುವರಿ ಬೆಲೆಯನ್ನೂ ತೆಗೆದುಹಾಕಿತು. ನಿಮಿಷಕ್ಕೆ ಇಷ್ಟು ಎಂಬ ಒಪ್ಪಂದದ ಬದಲು ಒಂದೊಂದು ಫೋನಿಗೆ ತಿಂಗಳಿಗೆ ಇಷ್ಟು ಎಂದು ನಿಗದಿಪಡಿಸಿದ್ದರಿಂದ, ಕೈದಿ ಎಷ್ಟು ಹೊತ್ತು ಮಾತನಾಡಿದರೂ ಖರ್ಚು ಏರುವುದಿಲ್ಲ. ಬೇರೆ ಕೌಂಟಿಗಳು ಕಣ್ಣು ಮುಚ್ಚಿ ಅನುಸರಿಸಬಹುದಾದ ಕ್ರಮವಿದು. ಆರೋಗ್ಯ ಸೇವೆಯನ್ನು ಖಾಸಗಿ ಗುತ್ತಿಗೆದಾರರಿಗೆ ವಹಿಸದೆ ನಗರದ ಸಾರ್ವಜನಿಕ ಆರೋಗ್ಯ ಇಲಾಖೆಯ ಕೈಯಲ್ಲೇ ಉಳಿಸಿಕೊಂಡಿರುವುದೂ ಸರಿಯಾದ ನಿರ್ಧಾರ.

ಇನ್ನು ಕಟ್ಟಡ. ಸ್ಯಾನ್ ಬ್ರೂನೋದಲ್ಲಿ 1934ರ ಹಳೆಯ ಜೈಲು ಶಿಥಿಲಗೊಂಡು, ಅಲ್ಲಿನ ಸ್ಥಿತಿ ಫೆಡರಲ್ ನ್ಯಾಯಾಲಯದ ಮೆಟ್ಟಿಲೇರಿದ ಮೇಲೆ, 2006ರಲ್ಲಿ 768 ಹಾಸಿಗೆಗಳ ಹೊಸ ಜೈಲು ತೆರೆಯಿತು. ಭೂಕಂಪದ ದೃಷ್ಟಿಯಿಂದ, ಸ್ವಚ್ಛತೆಯ ದೃಷ್ಟಿಯಿಂದ ಹೊಸದು ನಿಸ್ಸಂದೇಹವಾಗಿ ಮೇಲು. ಆದರೆ ಕೈದಿಗಳು ಆಕಾಶದ ಕೆಳಗೆ ನಿಲ್ಲುವ ಅಂಗಳವೇ ಅದರಲ್ಲಿ ಇರಲಿಲ್ಲ. ವ್ಯಾಯಾಮದ ಜಾಗ ಕಟ್ಟಡದೊಳಗಿನ ಒಂದು ಕೋಣೆ, ಅದಕ್ಕೆ ಜಾಲರಿಯ ಮೂಲಕ ಹೊರಗಿನ ಗಾಳಿ ಬರುತ್ತದೆ. ವಿಚಾರಣೆಗಾಗಿ ವರ್ಷಗಟ್ಟಲೆ ಕಾದವರು ಅಷ್ಟೂ ಕಾಲ ಮೈಮೇಲೆ ನೇರ ಬಿಸಿಲು ಬೀಳದೆ ಕಳೆದರು. 2019ರಲ್ಲಿ ಕೈದಿಗಳು ಮೊಕದ್ದಮೆ ಹೂಡಿದರು. 2023ರ ಅಕ್ಟೋಬರ್‌ನಲ್ಲಿ ಫೆಡರಲ್ ನ್ಯಾಯಾಲಯ, ಒಂದು ವರ್ಷಕ್ಕಿಂತ ಹೆಚ್ಚು ಕಾಲ ಜೈಲಿನಲ್ಲಿರುವವರಿಗೆ ದಿನಕ್ಕೆ ಕನಿಷ್ಠ ಹದಿನೈದು ನಿಮಿಷ ನೇರ ಬಿಸಿಲು ಒದಗಿಸಬೇಕೆಂದು ತೀರ್ಪು ನೀಡಿತು. ಇದೇ ಬೆಟ್ಟದ ಜೈಲು ಜಮೀನಿನಲ್ಲಿ 1982ರಿಂದ ಕ್ಯಾಥರೀನ್ ಸ್ನೀಡ್ ಎಂಬ ಸಲಹೆಗಾರ್ತಿ ಕೈದಿಗಳಿಂದ ತರಕಾರಿ ಬೆಳೆಸಿದ್ದರು, ಆ ತರಕಾರಿ ಬಡವರ ಊಟದ ಮನೆಗಳಿಗೆ ಹೋಗುತ್ತಿತ್ತು ಎಂಬುದನ್ನು ನೆನೆದಾಗ ನನಗೆ ನಿಜಕ್ಕೂ ನೋವಾಗುತ್ತದೆ. ಮಣ್ಣಿನಲ್ಲಿ ಕೆಲಸ ಮಾಡಿದವರು ಬದಲಾಗುವುದನ್ನು ಕಣ್ಣಾರೆ ಕಂಡಿದ್ದ ಇಲಾಖೆಯೇ ಅಂಗಳವಿಲ್ಲದ ನಕ್ಷೆಯನ್ನು ಒಪ್ಪಿಕೊಳ್ಳಬಾರದಿತ್ತು.

ಈ ವಿಮರ್ಶೆಯ ಮುಖ್ಯ ಆಕ್ಷೇಪಣೆಯಾದರೂ ಕಟ್ಟಡದ ಬಗ್ಗೆ ಅಲ್ಲ, ಸಿಬ್ಬಂದಿಯ ಬಗ್ಗೆ. ಜೈಲಿನಲ್ಲಿ ಒಂದು ಕಾವಲು ಸ್ಥಾನ ಹಗಲು ರಾತ್ರಿ ತುಂಬಿರಬೇಕಾದರೆ ವರ್ಷಕ್ಕೆ 8,760 ಗಂಟೆಗಳ ಕೆಲಸ ಬೇಕು. ವಾರಕ್ಕೆ ನಲವತ್ತು ಗಂಟೆ ದುಡಿಯುವ ಒಬ್ಬ ನೌಕರನ ವರ್ಷದ ಗಂಟೆಗಳು 2,080. ಅದರಲ್ಲಿ ರಜೆ, ಕಾಯಿಲೆ, ಕಡ್ಡಾಯ ತರಬೇತಿಗಳನ್ನು ಕಳೆದರೆ ಉಳಿಯುವುದು ಸುಮಾರು 1,700. ಅಂದರೆ ಒಂದೇ ಒಂದು ಸ್ಥಾನಕ್ಕೆ ಐದು ಜನ ಬೇಕು. ಐವರಲ್ಲಿ ಒಬ್ಬರು ಬಿಟ್ಟುಹೋದರೆ ಆ ಸ್ಥಾನ ಖಾಲಿ ಉಳಿಯುವಂತಿಲ್ಲ. ಉಳಿದ ನಾಲ್ವರು ಕಡ್ಡಾಯ ಓವರ್‌ಟೈಮ್ ಮಾಡಿ ತುಂಬಬೇಕು. ದಣಿದವರಲ್ಲಿ ಮತ್ತೊಬ್ಬರು ಬಿಡುತ್ತಾರೆ. ಹೊಸಬರನ್ನು ತೆಗೆದುಕೊಳ್ಳಲು ಹಿನ್ನೆಲೆ ಪರಿಶೀಲನೆ, ಮಾನಸಿಕ ಪರೀಕ್ಷೆ, ತರಬೇತಿ ಸೇರಿ ಅನೇಕ ತಿಂಗಳುಗಳು ಬೇಕು. ಸ್ಯಾನ್ ಫ್ರಾನ್ಸಿಸ್ಕೋದ ಡೆಪ್ಯೂಟಿಗಳ ಸಂಘ ವರ್ಷಗಳಿಂದ ಹೇಳುತ್ತಿರುವುದು ಇದನ್ನೇ, ಅವರ ದೂರಿನಲ್ಲಿ ಹುರುಳಿದೆ.

ರಾಜ್ಯದ ನಿಯಮದ ಪ್ರಕಾರ ಡೆಪ್ಯೂಟಿ ಗಂಟೆಗೊಮ್ಮೆಯಾದರೂ ಪ್ರತಿ ಕೈದಿಯನ್ನು ಕಣ್ಣಾರೆ ನೋಡಿ ಬರಬೇಕು. ಊಟ, ಔಷಧಿ, ನ್ಯಾಯಾಲಯಕ್ಕೆ ಕರೆದೊಯ್ಯುವುದು ಯಾವುದನ್ನೂ ನಿಲ್ಲಿಸಲಾಗದು. ಜನ ಸಾಲದ ದಿನ ಮೊದಲು ರದ್ದಾಗುವುದು ತರಗತಿ. ಶಿಕ್ಷಕಿ ಬಂದಿರುತ್ತಾರೆ, ಪುಸ್ತಕ ಸಿದ್ಧವಿರುತ್ತದೆ, ಸೆಲ್ಲಿನ ಬಾಗಿಲು ತೆರೆದು ವಿದ್ಯಾರ್ಥಿಗಳನ್ನು ಕರೆತರಲು ಮಾತ್ರ ಡೆಪ್ಯೂಟಿ ಇರುವುದಿಲ್ಲ. ಕೋವಿಡ್ ಕಾಲದಲ್ಲಿ ಎಂಟುನೂರರ ಆಸುಪಾಸಿಗೆ ಇಳಿದಿದ್ದ ಕೈದಿಗಳ ಸಂಖ್ಯೆ, 2023ರಲ್ಲಿ ಮಾದಕ ದ್ರವ್ಯದ ವಿರುದ್ಧ ಬಂಧನಗಳು ಹೆಚ್ಚಿದ ಮೇಲೆ ಮತ್ತೆ ಸಾವಿರ ದಾಟಿತು. ಸಿಬ್ಬಂದಿ ಆ ಪ್ರಮಾಣದಲ್ಲಿ ಹೆಚ್ಚಲಿಲ್ಲ. 2024ರ ವಸಂತದಲ್ಲಿ ಡೆಪ್ಯೂಟಿಗಳ ಮೇಲೆ ಸಾಲು ಸಾಲಾಗಿ ಹಲ್ಲೆಗಳು ನಡೆದವು, ಜೈಲುಗಳು ಲಾಕ್‌ಡೌನ್ ಆದವು. ಹಲ್ಲೆಗೆ ಹೆದರಿ ಬಾಗಿಲು ಮುಚ್ಚುವುದು ಆ ದಿನದ ಮಟ್ಟಿಗೆ ಅನಿವಾರ್ಯವಿರಬಹುದು. ಆದರೆ ಇಪ್ಪತ್ತೆರಡು, ಇಪ್ಪತ್ತಮೂರು ಗಂಟೆ ಸೆಲ್ಲಿನಲ್ಲಿ ಕೂತ ಯುವಕ ಮರುದಿನ ಹೊರಬರುವಾಗ ಯಾವ ಮನಃಸ್ಥಿತಿಯಲ್ಲಿರುತ್ತಾನೆ ಎಂಬುದನ್ನು ಊಹಿಸಲು ಮನೋವೈದ್ಯರು ಬೇಕಿಲ್ಲ. 24 ಘಟನೆಗಳನ್ನು ಸೊನ್ನೆಗೆ ಇಳಿಸಿದ್ದು ಯಾವುದೋ ಅದನ್ನೇ ಸಿಬ್ಬಂದಿ ಕೊರತೆಯ ಮೊದಲ ಬಲಿಯಾಗಿಸುವುದು ತಲೆಕೆಳಗಾದ ಲೆಕ್ಕ. ತರಗತಿಯ ಬಾಗಿಲಿನ ಡೆಪ್ಯೂಟಿಯನ್ನೂ ಗೋಪುರದ ಕಾವಲಿನಷ್ಟೇ ಕಡ್ಡಾಯ ಸ್ಥಾನವೆಂದು ಬಜೆಟ್ಟಿನಲ್ಲೇ ನಮೂದಿಸಬೇಕು.

ಹೊಣೆಗಾರಿಕೆಯ ವಿಷಯದಲ್ಲಿ ದಾಖಲೆ ಮಿಶ್ರವಾಗಿದೆ. ಕೆಲವು ಡೆಪ್ಯೂಟಿಗಳು ಕೈದಿಗಳನ್ನು ಪರಸ್ಪರ ಹೊಡೆದಾಡುವಂತೆ ಬಲವಂತ ಮಾಡಿ ಪಣ ಕಟ್ಟುತ್ತಿದ್ದರೆಂದು 2015ರಲ್ಲಿ ಅಂದಿನ ಪಬ್ಲಿಕ್ ಡಿಫೆಂಡರ್ (ಬಡ ಆರೋಪಿಗಳ ಪರ ವಾದಿಸುವ ಸರ್ಕಾರಿ ವಕೀಲ) ಜೆಫ್ ಅಡಾಚಿ ಬಹಿರಂಗವಾಗಿ ಆರೋಪಿಸಿದರು. ಕ್ರಿಮಿನಲ್ ಮೊಕದ್ದಮೆ ದಾಖಲಾಯಿತಾದರೂ, ಇಲಾಖೆಯ ಆಂತರಿಕ ತನಿಖೆಯಲ್ಲಿ ಸಾಕ್ಷ್ಯಗಳ ನಿರ್ವಹಣೆ ಕೆಟ್ಟದ್ದರಿಂದ 2019ರಲ್ಲಿ ಅದನ್ನು ಕೈಬಿಡಬೇಕಾಯಿತು. ಮರುವರ್ಷ ಮತದಾರರೇ ಶೆರಿಫ್ ಕಚೇರಿಯ ಮೇಲೆ ನಿಗಾ ಇಡುವ ಮಂಡಳಿಯನ್ನೂ ಇನ್‌ಸ್ಪೆಕ್ಟರ್ ಜನರಲ್ ಹುದ್ದೆಯನ್ನೂ ಸೃಷ್ಟಿಸಿದರು. ಅದು ತಡವಾಗಿ ಬಂದ ಒಳ್ಳೆಯ ವ್ಯವಸ್ಥೆ.

ಒಟ್ಟಾರೆ ಐದರಲ್ಲಿ ಮೂರು ಅಂಕ ಕೊಡುತ್ತೇನೆ: ಶಾಲೆ ಮತ್ತು ಫೋನಿಗೆ ಐದು, ಬಿಸಿಲಿಗೆ ಒಂದು, ಸಿಬ್ಬಂದಿ ಯೋಜನೆಗೆ ಎರಡು. ಬೇ ಏರಿಯಾದ, ಅಂದರೆ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಸುತ್ತಲಿನ ಊರುಗಳ, ಕನ್ನಡಿಗರಲ್ಲಿ ಹಲವರು ವಾಸಿಸುವುದು ಸ್ಯಾನ್ ಫ್ರಾನ್ಸಿಸ್ಕೋದಲ್ಲಲ್ಲ, ಮಿಲ್ಪಿಟಾಸ್, ಫ್ರಿಮಾಂಟ್, ಡಬ್ಲಿನ್‌ಗಳಲ್ಲಿ. ಮಿಲ್ಪಿಟಾಸ್‌ನಲ್ಲಿ ಸ್ಯಾಂಟಾ ಕ್ಲಾರಾ ಕೌಂಟಿಯ ಎಲ್ಮ್‌ವುಡ್ ಜೈಲಿದೆ. ಡಬ್ಲಿನ್‌ನಲ್ಲಿ ಅಲಮೀಡಾ ಕೌಂಟಿಯ ಸ್ಯಾಂಟಾ ರೀಟಾ ಜೈಲಿದ್ದು, ಮಾನಸಿಕ ಆರೋಗ್ಯದ ವಿಷಯದಲ್ಲಿ ಅದು 2022ರಿಂದ ಫೆಡರಲ್ ನ್ಯಾಯಾಲಯ ಒಪ್ಪಿದ ಒಡಂಬಡಿಕೆಗೆ ಒಳಪಟ್ಟಿದೆ. ಆ ಎರಡು ಕೌಂಟಿಗಳಲ್ಲೂ ಶೆರಿಫ್ ಮತದಿಂದಲೇ ಆಯ್ಕೆಯಾಗುತ್ತಾರೆ. ಅಭ್ಯರ್ಥಿಗಳು ಮತ ಕೇಳಲು ಬಂದಾಗ ಕೈದಿಗಳು ವಾರಕ್ಕೆ ಎಷ್ಟು ಗಂಟೆ ಸೆಲ್ಲಿನ ಹೊರಗಿರುತ್ತಾರೆ, ಎಷ್ಟು ಹುದ್ದೆಗಳು ಖಾಲಿಯಿವೆ, ಕಳೆದ ತಿಂಗಳು ಡೆಪ್ಯೂಟಿ ಇಲ್ಲದೆ ಎಷ್ಟು ತರಗತಿಗಳು ರದ್ದಾದವು ಎಂದು ಕೇಳಿ, ಉತ್ತರವನ್ನು ಲಿಖಿತವಾಗಿ ಪಡೆಯಿರಿ.