ಅಮೆರಿಕದಲ್ಲಿ ಮನೆ ಹುಡುಕುವಾಗ: ರಾಜ್ಯದ ವರದಿಯೋ, ಡಿಸ್ಟ್ರಿಕ್ಟ್ ವರದಿಯೋ?

ಮಗುವಿಗೆ ವಿಶೇಷ ಶಿಕ್ಷಣ ಬೇಕು, ಅಮೆರಿಕದಲ್ಲೇ ಊರು ಬದಲಿಸುತ್ತಿದ್ದೀರಾ? ಐಡಿಇಎ ಎಂಬ, ಅಂಗವೈಕಲ್ಯವಿರುವ ಮಕ್ಕಳ ಶಿಕ್ಷಣದ ಕೇಂದ್ರ ಕಾಯ್ದೆಯಂತೆ ಪ್ರತಿ ರಾಜ್ಯವೂ ವರ್ಷಕ್ಕೊಮ್ಮೆ ಸಾಧನೆಯ ವರದಿ ಕೊಡಬೇಕು. ಕೇಂದ್ರ ಶಿಕ್ಷಣ ಇಲಾಖೆ ಅದನ್ನು ನೋಡಿ ನಾಲ್ಕು ದರ್ಜೆಗಳಲ್ಲಿ ಒಂದನ್ನು ಕೊಡುತ್ತದೆ. ಯಾವ ರಾಜ್ಯ ಎಂದು ತೂಗಲು ಇದು ಸಾಕು. ಆದರೆ ಇಡೀ ರಾಜ್ಯದ ಸರಾಸರಿಯಲ್ಲಿ ನಿಮ್ಮ ಊರಿನ ಶಾಲೆ ಕಾಣಿಸುವುದಿಲ್ಲ, ಅಲ್ವಾ?

ಮನೆ ಆರಿಸಲು ಡಿಸ್ಟ್ರಿಕ್ಟ್ (ಊರಿನ ಸರ್ಕಾರಿ ಶಾಲೆಗಳನ್ನು ನಡೆಸುವ ಸ್ಥಳೀಯ ಘಟಕ) ವರದಿಯೇ ಜಾಸ್ತಿ ಉಪಯೋಗ. ಅದನ್ನೂ ರಾಜ್ಯವೇ ಪ್ರಕಟಿಸಬೇಕು. ಅದರಲ್ಲಿ ಸಾಧನೆ ಅಳೆಯುವ, ಸಂಖ್ಯೆ ಹಾಕಿದ ಸೂಚಕಗಳಿರುತ್ತವೆ. ಮೊದಲು ಸೂಚಕ 5 ನೋಡಿ: ದಿನದ ಶೇ. 80ರಷ್ಟು ಅಥವಾ ಹೆಚ್ಚು ಹೊತ್ತು ಸಾಮಾನ್ಯ ತರಗತಿಯಲ್ಲೇ ಕೂರುವ ಮಕ್ಕಳೆಷ್ಟು? ಆಮೇಲೆ ಸೂಚಕ 11: ನೀವು ಒಪ್ಪಿಗೆ ಕೊಟ್ಟ 60 ದಿನದಲ್ಲಿ, ಇಲ್ಲವೇ ರಾಜ್ಯದ್ದೇ ಗಡುವಿನೊಳಗೆ, ಮಗುವಿಗೆ ವಿಶೇಷ ಶಿಕ್ಷಣ ಬೇಕೇ ಎಂಬ ಮೌಲ್ಯಮಾಪನ ಮುಗಿಯುತ್ತದೆಯೇ? ಇಲ್ಲಿ ತಡವಾದರೆ ನಷ್ಟ ಮಗುವಿಗೇ. ಸಣ್ಣ ಡಿಸ್ಟ್ರಿಕ್ಟ್ ಆದರೆ ಮಕ್ಕಳ ಗುರುತು ಸಿಗದಿರಲೆಂದು ಕೆಲವು ಅಂಕಿಗಳನ್ನು ಮುಚ್ಚಿರಬಹುದು; ಆಗ ಫೋನ್ ಮಾಡಿ ನೇರವಾಗಿ ಕೇಳಿ.