ಓದಿನ ಸಾಲದ ಬಡ್ಡಿ: ತಿಂಗಳು ತಿಂಗಳು ಕಟ್ಟೋದಾ, ಆರ್‌ಡಿ ಮಾಡೋದಾ, ಸುಮ್ನೆ ಬಿಡೋದಾ?

ಮೊದಲೇ ಹೇಳಿಬಿಡುತ್ತೇನೆ, ನನ್ನ ವೋಟು ತಿಂಗಳು ತಿಂಗಳು ಬಡ್ಡಿ ಕಟ್ಟೋದಕ್ಕೆ. ಮಗನ ಎಂಜಿನಿಯರಿಂಗ್ ಸಾಲಕ್ಕೆ ಆರ್‌ಡಿ ದಾರಿ ಹಿಡಿದಿದ್ದೆವು, ಅಂದರೆ ಬಡ್ಡಿಯ ದುಡ್ಡನ್ನು ತಿಂಗಳು ತಿಂಗಳು ಬ್ಯಾಂಕಿನ ರಿಕರಿಂಗ್ ಡೆಪಾಸಿಟ್‌ನಲ್ಲಿ ಕೂಡಿಡೋದು. ಈಗ ಮಗಳು ಎರಡನೇ ವರ್ಷದಲ್ಲಿದ್ದಾಳೆ, ಅವಳ ಸಾಲದ ಬಡ್ಡಿಯನ್ನು ಆಯಾ ತಿಂಗಳೇ ಕಟ್ಟುತ್ತಿದ್ದೇವೆ. ಎರಡಕ್ಕೂ ಸಹ-ಸಾಲಗಾರಳು ನಾನೇ.

"ಮೇಡಂ, ಕೋರ್ಸ್ ಮುಗಿದು ಒಂದು ವರ್ಷದ ತನಕ ಏನೂ ಕಟ್ಟೋದು ಬೇಡ, ಆರಾಮಾಗಿರಿ" ಅಂತ ಬ್ಯಾಂಕಿನವರು ಹೇಳುತ್ತಾರೆ. ನಿಜ, ನಾವು ಆರಾಮಾಗಿರಬಹುದು. ಬಡ್ಡಿ ಮಾತ್ರ ಮೊದಲ ಕಂತು ಕಾಲೇಜಿಗೆ ಹೋದ ದಿನದಿಂದಲೇ ಓಡುತ್ತಿರುತ್ತದೆ.

ಸುಲಭದ ಲೆಕ್ಕ ಹಾಕೋಣ. ವರ್ಷಕ್ಕೆ ಒಂದೂವರೆ ಲಕ್ಷದಂತೆ 4 ವರ್ಷ, ಒಟ್ಟು 6 ಲಕ್ಷ, ಬಡ್ಡಿ 10 ಪರ್ಸೆಂಟ್. ಓದಿನ 4 ವರ್ಷ, ಮೇಲೊಂದು ವರ್ಷ ಸೇರಿದರೆ ಬಡ್ಡಿಯೇ 2.10 ಲಕ್ಷ. ಸುಮ್ನೆ ಬಿಟ್ಟರೆ ಅದು ಅಸಲಿಗೆ ಸೇರಿ ಸಾಲ 8.10 ಲಕ್ಷ ಆಗುತ್ತದೆ. 10 ವರ್ಷದ ಇಎಂಐ 7,930 ರೂಪಾಯಿ ಇರಬೇಕಾದದ್ದು 10,700 ಮುಟ್ಟುತ್ತದೆ. ಹೊಸದಾಗಿ ಕೆಲಸಕ್ಕೆ ಸೇರಿ, ಪಿಜಿ ಬಾಡಿಗೆ ಕಟ್ಟಿಕೊಂಡು ಇರೋ ಹುಡುಗನಿಗೆ ಈ ವ್ಯತ್ಯಾಸ ಸಣ್ಣದಲ್ಲ. ಸುಮ್ನೆ ಬಿಡೋ ದಾರಿ ಬಗ್ಗೆ ಇಷ್ಟು ಸಾಕು. ಕೈಯಲ್ಲಿ ನಿಜವಾಗಲೂ ಕಾಸಿಲ್ಲದವರಿಗೆ ಅದು ಇದೆ.

ಆರ್‌ಡಿಯನ್ನು ಹಾಗೆ ತಳ್ಳಿಹಾಕೋಕಾಗಲ್ಲ. ಸರ್ಕಾರಿ ಬ್ಯಾಂಕಿನ ಓದಿನ ಸಾಲದಲ್ಲಿ ಇಎಂಐ ಶುರುವಾಗೋ ತನಕ ಸರಳ ಬಡ್ಡಿ ಮಾತ್ರ. ಬಡ್ಡಿಗೆ ಬಡ್ಡಿ ಬೀಳಲ್ಲ. ಹಾಗಾಗಿ ಆ ದುಡ್ಡನ್ನು ಆರ್‌ಡಿಗೆ ಹಾಕಿ, ಇಎಂಐ ಶುರುವಾಗೋ ಮುಂಚೆ ಇಡೀ 2.10 ಲಕ್ಷ ಒಟ್ಟಿಗೆ ಕಟ್ಟಿದರೂ ಬ್ಯಾಂಕಿನ ಲೆಕ್ಕದಲ್ಲಿ ಅಷ್ಟೇ. ಮಧ್ಯೆ ಆರ್‌ಡಿಯಿಂದ ಬಂದದ್ದು ನಮ್ಮದು. ಆರೂವರೆ ಪರ್ಸೆಂಟ್ ಅಂದುಕೊಂಡರೆ ಸುಮಾರು 28 ಸಾವಿರ, ತೆರಿಗೆ ಹೋಗಿ 22 ಸಾವಿರ ಉಳಿಯಬಹುದು.

ಆ ಕಡೆ, ಓದುವಾಗಲೇ ಬಡ್ಡಿ ಕಟ್ಟುತ್ತಾ ಬಂದವರಿಗೆ ದರದಲ್ಲಿ 1 ಪರ್ಸೆಂಟ್ ರಿಯಾಯಿತಿ ಕೊಡಬಹುದು ಅಂತ ಬ್ಯಾಂಕುಗಳ ಸಂಘದ ಮಾದರಿ ಯೋಜನೆಯಲ್ಲೇ ಇದೆ. ಇದೇ ಲೆಕ್ಕಕ್ಕೆ ಅದು 21 ಸಾವಿರ. ಹೆಚ್ಚುಕಡಿಮೆ ಸಮ, ಅಲ್ವಾ? ಆದರೆ ಸ್ಯಾಂಕ್ಷನ್ ಲೆಟರ್ (ಬ್ಯಾಂಕಿನ ಸಾಲ ಮಂಜೂರಾತಿ ಪತ್ರ) ಓದದೆ ಏನೂ ನಿರ್ಧರಿಸಬೇಡಿ. ಕೆಲವು ಖಾಸಗಿ ಸಾಲಗಳಲ್ಲಿ ಕಟ್ಟದ ಬಡ್ಡಿಗೂ ಬಡ್ಡಿ ಬೀಳುತ್ತದೆ. ಅಲ್ಲಿ ಆರ್‌ಡಿ ಮಾತೇ ಬೇಡ.

ಕಾಗದದ ಮೇಲೆ ಸಮವಾದದ್ದು ನಮ್ಮ ಮನೆಯಲ್ಲಿ ಸಮವಾಗಲಿಲ್ಲ. ಮಗ ಮೂರನೇ ವರ್ಷದಲ್ಲಿದ್ದಾಗ ಓನರ್ ಮನೆ ಖಾಲಿ ಮಾಡಿ ಅಂದರು. ಬೆಂಗಳೂರಿನ ಅಡ್ವಾನ್ಸ್ ಗೊತ್ತಲ್ಲ, ಹೊಸ ಮನೆಯ ಓನರ್ ಹತ್ತು ತಿಂಗಳ ಬಾಡಿಗೆ ಒಂದೇ ಸಲ ಕೇಳಿದರು. "ಆರ್‌ಡಿ ಇದೆಯಲ್ಲ" ಅಂದರು ನಮ್ಮ ಯಜಮಾನರು. ಅಷ್ಟೇ. ಆ ದುಡ್ಡು ಈಗ ಮಹಾಲಕ್ಷ್ಮಿ ಲೇಔಟಿನ ಈ ಮನೆಯ ಓನರ್ ಹತ್ತಿರ ಭದ್ರವಾಗಿದೆ! ಸಾಲಕ್ಕೆ ಹೋದ ದುಡ್ಡನ್ನು ಹೀಗೆ ಯಾರೂ ವಾಪಸ್ ತೆಗೆಯೋಕಾಗಲ್ಲ. ನಮ್ಮಂಥವರಿಗೆ ಅದೇ ಒಳ್ಳೆಯದು.

ಇನ್ನು ತಿಂಗಳ ಬಡ್ಡಿಯ ತಲೆನೋವು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮಗಳ ಸಾಲ ಈಗ 3 ಲಕ್ಷ. ವರ್ಷಕ್ಕೆ 30 ಸಾವಿರ, ತಿಂಗಳಿಗೆ 2,500 ಅಂತ ಕೌಂಟರಿನಲ್ಲಿ ಇದ್ದವರೇ ಬರೆದುಕೊಟ್ಟರು. ನನ್ನ ಸಂಬಳದ ಖಾತೆಯಿಂದ ತಾನಾಗಿಯೇ ಹೋಗೋ ಹಾಗೆ ಸ್ಟ್ಯಾಂಡಿಂಗ್ ಇನ್‌ಸ್ಟ್ರಕ್ಷನ್ ಹಾಕಿಸಿದೆ. ಆದರೆ ಬ್ಯಾಂಕ್ ಬಡ್ಡಿ ಹಾಕೋದು ದಿನದ ಲೆಕ್ಕದಲ್ಲಿ. 30 ದಿನದ ತಿಂಗಳಿಗೆ 2,466. 31 ದಿನದ ತಿಂಗಳಿಗೆ 2,548. ಅಂದರೆ 48 ರೂಪಾಯಿ ಕಮ್ಮಿ ಬೀಳುತ್ತದೆ.

48 ರೂಪಾಯಿ ಏನು ಮಹಾ ಅನ್ನಬೇಡಿ. ಪಾಸ್‌ಬುಕ್ ಎಂಟ್ರಿ ಮಾಡಿಸಲು ಹೋದಾಗ, ಆ ತಿಂಗಳ ಬಡ್ಡಿ ಪೂರ್ತಿ ಕಟ್ಟಿಲ್ಲ, ಹೀಗಾದರೆ 1 ಪರ್ಸೆಂಟ್ ರಿಯಾಯಿತಿ ಸಿಗಲ್ಲ ಅಂದರು. "ನೀವೇ ತಾನೇ 2,500 ಅಂದಿದ್ದು?" ಅಂದರೆ, "ಸಿಸ್ಟಂನಲ್ಲಿ ಹಾಗೆ ತೋರಿಸ್ತಿದೆ ಮೇಡಂ." ಸರಿ, ಉಳಿದದ್ದನ್ನು ಆ್ಯಪ್‌ನಲ್ಲಿ ಕಟ್ಟೋಣ ಅಂತ ನೋಡಿದರೆ, ಇಎಂಐ ಇನ್ನೂ ಶುರುವಾಗಿಲ್ಲವಾದ್ದರಿಂದ ಅಲ್ಲಿ 'ಬಾಕಿ 0' ಅಂತ ಬರುತ್ತದೆ, ಕಟ್ಟೋ ಬಟನ್ ಒತ್ತಿದರೆ ಅಲ್ಲಾಡಲ್ಲ. ಕೌಂಟರಿನಲ್ಲಿ ಬಾಕಿ ಇದೆ, ಫೋನಿನಲ್ಲಿ ಇಲ್ಲ. ಕೊನೆಗೆ ಮಗಳೇ ದಾರಿ ಹುಡುಕಿದಳು. "ಅಮ್ಮ, ಲೋನ್ ನಂಬರನ್ನೇ ಬೇರೆ ಯಾರದೋ ಅಕೌಂಟ್ ಥರ ಸೇರಿಸು, ಎನ್‌ಇಎಫ್‌ಟಿ ಮಾಡು." ಹೋಯಿತು. ಆಮೇಲೆ ಇನ್‌ಸ್ಟ್ರಕ್ಷನನ್ನು 2,600ಕ್ಕೆ ಏರಿಸಿದೆ. ಮಿಕ್ಕಿದ್ದು ಅಸಲಿಗೆ ಜಮೆಯಾಗುತ್ತದೆ, ನಷ್ಟವೇನಿಲ್ಲ.

ತೆರಿಗೆಯಲ್ಲಿ ಆರ್‌ಡಿ ದಾರಿಗೇ ಒಂದು ಅಂಕ ಜಾಸ್ತಿ. ಓದಿನ ಸಾಲದ ಬಡ್ಡಿಗೆ ಸಿಗೋ ತೆರಿಗೆ ವಿನಾಯಿತಿ (80ಇ ಅಂತ ಹೆಸರಾದದ್ದು) ಬಡ್ಡಿ ಕಟ್ಟೋಕೆ ಶುರುಮಾಡಿದ ವರ್ಷದಿಂದ 8 ವರ್ಷ ಮಾತ್ರ. ಈಗಲೇ ಕಟ್ಟಿದರೆ ಸಣ್ಣ ಬಡ್ಡಿಯ ವರ್ಷಗಳಲ್ಲೇ ಅರ್ಧಕ್ಕಿಂತ ಹೆಚ್ಚು ಅವಧಿ ಕರಗುತ್ತದೆ. ಹಳೇ ತೆರಿಗೆ ಪದ್ಧತಿಯಲ್ಲಿ ಇರುವವರು ಇದನ್ನು ಯೋಚಿಸಲೇಬೇಕು. ನಾನು ಹೊಸ ಪದ್ಧತಿಯಲ್ಲಿದ್ದೇನೆ, ಅಲ್ಲಿ ಈ ವಿನಾಯಿತಿಯೇ ಇಲ್ಲ, ತಲೆಬಿಸಿಯೂ ಇಲ್ಲ.

ಮನೆಯ ಆದಾಯ ವರ್ಷಕ್ಕೆ 8 ಲಕ್ಷದೊಳಗಿದ್ದರೆ ಮೊದಲು ಕೇಂದ್ರ ಸರ್ಕಾರದ ಓದಿನ ಸಾಲದ ಯೋಜನೆ ಪಿಎಂ ವಿದ್ಯಾಲಕ್ಷ್ಮಿ ನೋಡಿ. ಪಟ್ಟಿಯಲ್ಲಿರೋ ಕಾಲೇಜಾದರೆ 10 ಲಕ್ಷದವರೆಗಿನ ಸಾಲಕ್ಕೆ ಓದಿನ ವರ್ಷಗಳಲ್ಲಿ, ಮೇಲಿನ ಒಂದು ವರ್ಷದಲ್ಲಿ 3 ಪರ್ಸೆಂಟ್ ಬಡ್ಡಿ ಸಹಾಯ ಇದೆ. ಇಬ್ಬರ ಸಂಬಳ ಸೇರಿದರೆ ನಾವು ಆ ಗೆರೆ ದಾಟುತ್ತೇವೆ.

ಕೈ ಬಿಗಿ ಹಿಡಿದು, ಆರ್‌ಡಿ ಮುಟ್ಟದೆ ಇರಬಲ್ಲವರು ಅದನ್ನೇ ಮಾಡಲಿ. ಆದರೆ ವರ್ಷ ವರ್ಷ ಬಡ್ಡಿ ಏರೋದರಿಂದ ಪ್ರತಿ ವರ್ಷ ಹೊಸದೊಂದು ಆರ್‌ಡಿ ತೆರೆಯಬೇಕಾಗುತ್ತದೆ. ನನಗೆ ಸಂಬಳ ಬಂದ ದಿನವೇ ದುಡ್ಡು ಹೋಗಿಬಿಟ್ಟರೆ ನೆಮ್ಮದಿ. ಮೂರನೇ ವರ್ಷದ ಫೀಸು ಹೋದ ಮೇಲೆ ಸಾಲ ನಾಲ್ಕೂವರೆ ಲಕ್ಷ ಆಗುತ್ತದೆ, ಆಗ ಇನ್‌ಸ್ಟ್ರಕ್ಷನ್ 3,900ಕ್ಕೆ ಬದಲಾಯಿಸಬೇಕು. ಈ ಸಲ ಲೆಕ್ಕವನ್ನು ಮನೆಯಲ್ಲೇ 31 ದಿನಕ್ಕೆ ಹಾಕಿಕೊಂಡು ಹೋಗುತ್ತೇನೆ.